ದೇವರಿಗಾಗಿ ಕಾಯಲು ಒಂಬತ್ತು ಬುಧವಾರ

ಬುಧವಾರ ಮುಂಬಯಿಯ ಮಾಹಿಮ್ ಸ್ಟೇಷನ್ನಿನಲ್ಲಿ ಇಳಿದವರು ಸೇಂಟ್ ಮೈಕಲ್ ಚರ್ಚಿನ ದಾರಿ ಕೇಳಬೇಕಾಗಿಲ್ಲ. ಜನ ಹೋಗುವ ಕಡೆ ಹೋದರಾಯಿತು. ಚರ್ಚಿನ ಹೊರಗೆ ಮೇಣದ ಸಾಮಾನು ಮಾರುವವರು ಕೂತಿರುತ್ತಾರೆ. ಮೇಣದ ಮನೆ, ಮೇಣದ ಮಗು, ಮೇಣದ ಕೈಕಾಲು. ಯಾರಿಗೆ ಏನು ಬೇಕೋ ಅದರ ಆಕಾರ. ಒಳಗೆ ಹೋಗುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. 1948ರ ಸೆಪ್ಟೆಂಬರ್ 8ರ ಬುಧವಾರ ಇಲ್ಲಿ ನಿತ್ಯಸಹಾಯ ಮಾತೆಯ ನೊವೆನಾ ಶುರುವಾಯಿತು. ಬೆಲ್‌ಫಾಸ್ಟ್‌ನಲ್ಲಿ ಇಂಥ ಪ್ರಾರ್ಥನೆಯನ್ನು ಕಂಡು ಬಂದಿದ್ದ ಫಾದರ್ ಎಡ್ವರ್ಡ್ ಪ್ಲಾಸಿಡಸ್ ಫೆರ್ನಾಂಡಿಸ್ ಅದನ್ನು ಆರಂಭಿಸಿದರು. ಸತತ ಒಂಬತ್ತು ಬುಧವಾರ ಬರುತ್ತೇನೆಂದು ಹರಕೆ ಹೊತ್ತವರು ಇಂದಿಗೂ ವಿರಾರ್‌ನಿಂದ, ಕಲ್ಯಾಣ್‌ನಿಂದ ಬರುತ್ತಾರೆ.

ಒಂಬತ್ತನೆಯ ಬುಧವಾರ ಮುಗಿದ ಮೇಲೂ ಕೆಲಸ ಸಿಗದಿದ್ದರೆ? ಮಗಳ ಮದುವೆ ಕೂಡಿಬರದಿದ್ದರೆ? ಕಾಯುವುದು ಹೇಗೆಂದು ಯಾರೂ ಹೇಳಿಕೊಡದೆ ಸೋತವರಿಗಾಗಿ ಈ ಬರಹ.

ಮೊದಲು ಒಂದು ಮಾತು. ಕನ್ನಡದಲ್ಲಿ ಬಸ್ಸಿಗೆ ಕಾಯುವುದಕ್ಕೂ ಹೊಲ ಕಾಯುವುದಕ್ಕೂ ಪದ ಒಂದೇ. ಬಸ್ಸಿಗೆ ಕಾಯುವವನು ತೂಕಡಿಸಬಹುದು. ಹೊಲ ಕಾಯುವವನು ತೂಕಡಿಸಿದರೆ ಹಂದಿ ನುಗ್ಗುತ್ತದೆ. 130ನೆಯ ಕೀರ್ತನೆಯಲ್ಲಿ ಬೆಳಗಾಗುವುದನ್ನೇ ಎದುರುನೋಡುವ ಕಾವಲುಗಾರ ಬರುತ್ತಾನಲ್ಲ, ಅವನಲ್ಲಿ ಎರಡೂ ಅರ್ಥ ಸೇರಿವೆ. ನಿಮ್ಮ ಬಿಲ್ಡಿಂಗಿನ ರಾತ್ರಿಪಾಳಿಯ ವಾಚ್‌ಮನ್ ಕೂಡ ಅಂಥವನೇ. ಬೆಳಗನ್ನು ಅವನು ತರಲಾರ, ಆದರೆ ಅದು ಬರುವವರೆಗೆ ಗೇಟು ಅವನ ಜವಾಬ್ದಾರಿ. ದೇವರಿಗಾಗಿ ಕಾಯುವುದೆಂದರೆ ಈ ವಾಚ್‌ಮನ್ ಕೆಲಸ.

ಚೀಟಿ ಬರೆಯಿರಿ

ಯಾವುದಕ್ಕಾಗಿ ಕಾಯುತ್ತಿದ್ದೀರಿ? ಒಂದೇ ವಾಕ್ಯದಲ್ಲಿ ಬರೆದು ತಾರೀಖು ಹಾಕಿ. ‘ದೇವರೇ, ಎಲ್ಲ ಒಳ್ಳೆಯದಾಗಲಿ’ ಎಂದರೆ ಸಾಲದು. ‘ಬಿಲ್ಡರ್ ನಮ್ಮ ಮನೆಯ ಕೀಲಿಕೈ ಕೊಡಲಿ’ ಎಂದೇ ಬರೆಯಿರಿ. ಚೀಟಿಯ ಹಿಂಬದಿಯಲ್ಲಿ, ಇದರಲ್ಲಿ ನಾನು ಮಾಡಬೇಕಾದದ್ದು ಏನು ಉಳಿದಿದೆ ಎಂಬ ಪಟ್ಟಿ ಇರಲಿ. ಸೊಸೈಟಿ ಆಫೀಸಿಗೆ ಕೊಡಬೇಕಾದ ಕಾಗದ ಕೊಟ್ಟಾಗಿದೆಯೇ? ಬಯೋಡೇಟಾ ಕಳಿಸಿದ್ದೀರಾ? ಡಾಕ್ಟರು ಹೇಳಿದ ಟೆಸ್ಟ್ ಮಾಡಿಸಿದ್ದೀರಾ? ಪಟ್ಟಿಯಲ್ಲಿರುವುದನ್ನು ಆ ವಾರವೇ ಮುಗಿಸಿ. ನಮ್ಮಲ್ಲಿ ಬಹಳ ಜನ ಮಾಡಬೇಕಾದದ್ದನ್ನು ದೇವರ ಮೇಲೆ ಹಾಕಿ, ದೇವರಿಗೆ ಬಿಡಬೇಕಾದದ್ದನ್ನು ರಾತ್ರಿಯೆಲ್ಲ ತಲೆಯಲ್ಲಿ ಹೊತ್ತು ಹೊರಳಾಡುತ್ತಾರೆ.

ಮಾಹಿಮ್‌ನಲ್ಲಿ ಬಿನ್ನಹದ ಪತ್ರ, ಕೃತಜ್ಞತೆಯ ಪತ್ರ ಬರೆದು ಹಾಕುವ ರೂಢಿಯಿದೆ. ಹಾಕುವ ಮೊದಲು ಒಂದು ನಕಲು ನಿಮ್ಮ ಪರ್ಸಿನಲ್ಲಿಡಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಲೋಕಲ್ ಟ್ರೇನೇ ಪ್ರಾರ್ಥನೆಯ ಕೋಣೆ

ಮುಂಬಯಿಯ ಒಂದು ಖೋಲಿಯಲ್ಲಿ ಐದಾರು ಜನ ಮಲಗುವ ಮನೆಯಲ್ಲಿ ‘ಏಕಾಂತದಲ್ಲಿ ಪ್ರಾರ್ಥಿಸಿ’ ಎಂದು ಉಪದೇಶ ಮಾಡಿ ಪ್ರಯೋಜನವಿಲ್ಲ. ಆದರೆ ಬೋರಿವಲಿಯಿಂದ ಚರ್ಚ್‌ಗೇಟಿಗೆ ದಿನಾ ಹೋಗುವವರಿಗೆ ಒಂದು ಗಂಟೆ ಪುಕ್ಕಟೆ ಸಿಗುತ್ತದೆ. ನಿಂತೇ ಇದ್ದರೂ ಸರಿ. ಮೊದಲ ಕೆಲವು ಸ್ಟೇಷನ್ ದಾಟುವವರೆಗೆ ಏನನ್ನೂ ಕೇಳಬೇಡಿ, ಉಸಿರನ್ನಷ್ಟೇ ಗಮನಿಸಿ. ಆಮೇಲೆ ಒಂದು ಕೀರ್ತನೆ. 27, 40, 130, ಈ ಮೂರೇ ಸಾಕು. ಒಂದನ್ನು ಮೂರು ವಾರ ಹಿಡಿದರೆ ಒಂಬತ್ತು ವಾರಕ್ಕೆ ಲೆಕ್ಕ ಸರಿಹೋಗುತ್ತದೆ. ಕನ್ನಡದಲ್ಲೇ ಓದಿ. ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ದುಡಿದದ್ದರಿಂದ 1831ರ ಹೊತ್ತಿಗೇ ಪೂರ್ಣ ಸತ್ಯವೇದ ಕನ್ನಡಕ್ಕೆ ಬಂದಿತ್ತು. ಆಫೀಸಿನ ಭಾಷೆಯಲ್ಲಿ ಪ್ರಾರ್ಥಿಸಿದರೆ ಅರ್ಜಿ ಬರೆದಂತಾಗುತ್ತದೆ. ಅಳು ಬರುವುದು ಅವ್ವನ ಭಾಷೆಯಲ್ಲಿ. ಮಂಗಳೂರಿನವರಿಗೆ ಅದು ತುಳುವೋ ಕೊಂಕಣಿಯೋ ಇರಬಹುದು.

ಸಿಟ್ಟು ಬಂದ ದಿನ 13ನೆಯ ಕೀರ್ತನೆ ತೆಗೆಯಿರಿ. ಇನ್ನೆಷ್ಟು ದಿನ ಎಂಬ ಜಗಳದಿಂದಲೇ ಅದು ಶುರುವಾಗುತ್ತದೆ. ಅದೂ ಸಾಲದೆ ಹೋದರೆ 88. ಅದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಅಂಥ ಹಾಡನ್ನೂ ಪವಿತ್ರಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ ಎಂದ ಮೇಲೆ ದೇವರ ಮುಂದೆ ನಗುಮುಖದ ನಾಟಕ ಬೇಕಾಗಿಲ್ಲ.

ವಾರಕ್ಕೊಂದು ದಿನ ಮೀಸಲು

ಯೇಸು ಸ್ವರ್ಗಕ್ಕೇರಿದ ಮೇಲೆ ಪಂಚಾಶತ್ತಮದ ಹಬ್ಬದವರೆಗೆ ಶಿಷ್ಯರು ಜೆರುಸಲೇಮಿನ ಮೇಲಂತಸ್ತಿನ ಕೋಣೆಯಲ್ಲಿ ಒಟ್ಟಾಗಿ ಪ್ರಾರ್ಥಿಸುತ್ತ ಕಾದರು. ನಡುವೆ ಇದ್ದದ್ದು ಒಂಬತ್ತು ದಿನ; ನೊವೆನಾದ ಬೇರು ಅಲ್ಲಿದೆ ಎನ್ನುತ್ತದೆ ಪರಂಪರೆ. ಹಾಗಾಗಿ ಒಂಬತ್ತು ಎಂಬುದು ದೇವರಿಗೆ ಕೊಟ್ಟ ಗಡುವಲ್ಲ, ನಮಗೆ ನಾವೇ ಹಾಕಿಕೊಂಡ ಕಟ್ಟು. ಇದೊಂದು ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪುತ್ತದೆ.

ಪ್ರೊಟೆಸ್ಟಂಟ್ ಓದುಗರು ಮಾತೆಗೆ ಬಿನ್ನಹ ಮಾಡುವುದಿಲ್ಲ, ಸರಿ. ಅವರು ತಮ್ಮ ಸಭೆಯ ಉಪವಾಸ ಪ್ರಾರ್ಥನೆಯನ್ನೇ ಒಂಬತ್ತು ವಾರ ತಪ್ಪಿಸದೆ ನಡೆಸಲಿ. ಒಂದು ವಾರ ಮಳೆಗೆ ಹಳಿ ಮುಳುಗಿ ಹೋಗಲಾಗಲಿಲ್ಲವೆಂದರೆ ಮನೆಯಲ್ಲೇ ಮಾಡಿ. ಎಣಿಕೆ ತಪ್ಪಿತೆಂದು ಮೊದಲಿನಿಂದ ಶುರುಮಾಡುವವರನ್ನು ಕಂಡಾಗ ನನಗೆ ಅಯ್ಯೋ ಅನ್ನಿಸುತ್ತದೆ. ಜುಲೈ ತಿಂಗಳ ಮುಂಬಯಿ ಎಂಥದೆಂದು ದೇವರಿಗೆ ಗೊತ್ತಿಲ್ಲವೇ?

ಒಳದಾರಿ ಬೇಡ

ಅಬ್ರಹಾಮನಿಗೆ ಕರೆ ಬಂದಾಗ 75 ವರ್ಷ, ಇಸಾಕ ಹುಟ್ಟಿದಾಗ 100. ನಡುವೆ ತಾಳ್ಮೆಗೆಟ್ಟು ಹಾಗರಳ ಮೂಲಕ ಇಷ್ಮಾಯೇಲನನ್ನು ಪಡೆದಾಗ 86. ಆ ಆತುರದ ಪೆಟ್ಟು ಬಿದ್ದದ್ದು ಏನೂ ಅರಿಯದ ದಾಸಿಗೆ ಮತ್ತು ಮಗುವಿಗೆ. ಮರುಭೂಮಿಯಲ್ಲಿ ನೀರಿಲ್ಲದೆ ಅಲೆದವರು ಅವರು. ನಮ್ಮ ಹಾಗರಳ ದಾರಿಗಳು ಬೇರೆ. ರಸೀದಿ ಕೊಡದ ವೀಸಾ ಏಜೆಂಟ್, ಬಡ್ಡಿಗೆ ತಂದು ಕಟ್ಟಿದ ಡಿಪಾಜಿಟ್, ವಯಸ್ಸಾಯಿತೆಂದು ವಿಚಾರಿಸದೆ ಒಪ್ಪಿದ ಸಂಬಂಧ. ಸಹಿ ಹಾಕುವ ಮೊದಲು ಇನ್ನೊಂದು ಬುಧವಾರ ಕಾಯಿರಿ. ಅಷ್ಟರೊಳಗೆ ಕೈತಪ್ಪಿ ಹೋಗುವ ಅವಕಾಶದ ಮೇಲೆ ನನಗಂತೂ ಸಂಶಯ.

ಇನ್ನೊಂದು ಎಚ್ಚರಿಕೆ. ಇಂತಿಷ್ಟು ದಿನದಲ್ಲಿ ನಿನ್ನ ಕೆಲಸವಾಗುತ್ತದೆ, ಇಷ್ಟು ಕಾಣಿಕೆ ಕೊಡು ಎನ್ನುವವರು ಯಾರೇ ಆಗಲಿ, ಎದ್ದು ಬನ್ನಿ. ವಿಶ್ವಾಸವಿದ್ದರೆ ಔಷಧಿ ನಿಲ್ಲಿಸು ಎನ್ನುವವರಿಂದ ಓಡಿ ಬನ್ನಿ. ಪರೇಲಿನ ಟಾಟಾ ಆಸ್ಪತ್ರೆಯ ಹೊರಗಿನ ಫುಟ್‌ಪಾತಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತ ಮನೆಯವರು ಪ್ರಾರ್ಥನೆಯನ್ನೂ ಬಿಟ್ಟಿಲ್ಲ, ಕೇಸ್‌ಪೇಪರನ್ನೂ ಬಿಟ್ಟಿಲ್ಲ.

ಒಬ್ಬರೇ ಕಾಯಬೇಡಿ

ಇದಕ್ಕೆ ಮಾದರಿ ಬೇಕೆಂದರೆ ಧೋಬಿ ತಲಾವಿಗೆ ಹೋಗಿ ಜೆರ್ ಮಹಲ್ ಕಟ್ಟಡ ನೋಡಿ. ಗೋವಾದವರ ‘ಕೂಡ್’ಗಳು ಅಲ್ಲಿವೆ, ಒಂದೊಂದಕ್ಕೂ ಒಂದೊಂದು ಹಳ್ಳಿಯ ಹೆಸರು. 19ನೆಯ ಶತಮಾನದಿಂದ ಹಡಗಿನ ಕೆಲಸ ಹುಡುಕಿ ಬಂದವರು ಇಂಥ ಕೂಡ್‌ಗಳಲ್ಲಿ ತಂಗುತ್ತಿದ್ದರು. ಹಡಗು ಸಿಗಲು ವಾರವೂ ಆಗಬಹುದು, ತಿಂಗಳುಗಳೂ ಆಗಬಹುದು. ಗೋಡೆಯುದ್ದಕ್ಕೂ ಟ್ರಂಕುಗಳು, ಒಂದು ಬದಿಗೆ ಊರಿನ ಸಂತರ ಪೀಠ. ಸಂಜೆಯಾದರೆ ಎಲ್ಲರೂ ಸೇರಿ ಜಪಸರ ಹೇಳಲೇಬೇಕು. ಅದು ಅಲ್ಲಿನ ಕಟ್ಟಳೆ. ಆ ಹೊತ್ತಿನಲ್ಲಿ ಹಡಗು ಸಿಕ್ಕವನೂ ಸಿಗದವನೂ ಒಂದೇ ಸಾಲಿನಲ್ಲಿ ಮೊಣಕಾಲೂರುತ್ತಿದ್ದರು. ಒಬ್ಬನ ಧೈರ್ಯ ಕುಸಿದ ದಿನ ಪಕ್ಕದವನ ದನಿ ಜಪವನ್ನು ಮುಂದೆ ನಡೆಸುತ್ತದೆ. ನೀವೂ ಇಬ್ಬರನ್ನೋ ಮೂವರನ್ನೋ ಕೂಡಿಸಿಕೊಳ್ಳಿ. ವಾಟ್ಸಾಪ್ ಗುಂಪು ಇದಕ್ಕೆ ಸಾಟಿಯಲ್ಲ. ವಾರಕ್ಕೊಮ್ಮೆ ಎದುರೆದುರು ಕೂರಬೇಕು, ಚಹಾ ಕುಡಿಯಬೇಕು, ‘ನಿನ್ನದೇನಾಯಿತು?’ ಎಂದು ಹೆಸರು ಹಿಡಿದು ಕೇಳಬೇಕು.

ಒಂಬತ್ತು ವಾರದ ನಂತರ

ಪರ್ಸಿನ ಚೀಟಿ ತೆಗೆಯಿರಿ. ಕೇಳಿದ್ದು ಸಿಕ್ಕಿದ್ದರೆ ಕೃತಜ್ಞತೆಯ ಪತ್ರ ಬರೆಯಲು ಮರೆಯಬೇಡಿ. ಜನ ಮರೆಯುವುದು ಇಲ್ಲೇ. ಸೆರೆಮನೆಯಲ್ಲಿ ಯೋಸೇಫನಿಂದ ಉಪಕಾರ ಪಡೆದ ಪಾನದಾಯಕ ಹೊರಬಂದ ಮೇಲೆ ಪೂರಾ ಎರಡು ವರ್ಷ ಅವನನ್ನು ಮರೆತಿದ್ದ. ಸಿಗದಿದ್ದರೆ ಚೀಟಿ ಹರಿಯಬೇಡಿ. ಈಗಲೂ ಅದೇ ಬೇಕೇ, ಅಥವಾ ಕೇಳುವ ಮಾತೇ ಬದಲಾಗಿದೆಯೇ ಎಂದು ನೋಡಿ. ಬದಲಾಗಿದ್ದರೆ ಹೊಸ ವಾಕ್ಯ ಬರೆಯಿರಿ. ಅದೇ ಬೇಕೆಂದರೆ ಹಳೆಯದರ ಕೆಳಗೆ ಹೊಸ ತಾರೀಖು ಹಾಕಿ.

ಜಾರ್ಜ್ ಬೋವನ್ ಎಂಬ ಅಮೆರಿಕದ ಮಿಷನರಿ 1848ರಲ್ಲಿ ಮುಂಬಯಿಗೆ ಬಂದಿಳಿದರು. ಸಂಬಳ ಬಿಟ್ಟು ಬಡವರ ನಡುವೆ ಮನೆ ಮಾಡಿದರು. ಎಣಿಸಿ ತೋರಿಸುವಂಥ ಫಲ ಅವರಿಗೆ ಸಿಕ್ಕಿದ್ದು ತೀರ ಕಡಿಮೆ. ಆದರೂ ತಾಯ್ನಾಡಿಗೆ ಮರಳದೆ 1888ರಲ್ಲಿ ಸಾಯುವವರೆಗೆ ನಲವತ್ತು ವರ್ಷ ಇದೇ ಊರಿನಲ್ಲಿದ್ದರು. ಅವರ ಹೆಸರಿನ ಮೆಥಡಿಸ್ಟ್ ಚರ್ಚು ಕೊಲಾಬಾ ಕಡೆ ಇದೆ. ಒಂಬತ್ತು ವಾರ ಉದ್ದ ಅನ್ನಿಸಿದಾಗ ಒಮ್ಮೆ ಅಲ್ಲಿ ಹೋಗಿ ಕೂತು ಬನ್ನಿ.

ಮೊದಲ ಬಾರಿ ಮಾಹಿಮ್‌ಗೆ ಹೊರಟವರಿಗೆ ಕೊನೆಯದಾಗಿ: ಸಂಜೆ ಆಫೀಸು ಬಿಟ್ಟ ಹೊತ್ತು ಬೇಡ, ನೂಕುನುಗ್ಗಲು, ವಯಸ್ಸಾದವರನ್ನು ಕರೆದೊಯ್ಯುವುದಾದರೆ ಬೇಗನೆ ಹೋಗಿ. ಮತ್ತೆ, ಮಾಹಿಮ್‌ನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಸ್ಲೋ ಹತ್ತಿ.