ಮೇಲಿನ ಕೋಣೆಯ ಹುಡುಗರು: ಕೇಪ್ ಕಾಡ್ ಬೇಸ್‌ಬಾಲ್ ಕಲಿಸಿದ್ದು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಿಂದ ಮಡಿಸಿದ ತೋಳಿನಂತೆ ಅಟ್ಲಾಂಟಿಕ್ ಸಾಗರಕ್ಕೆ ಚಾಚಿಕೊಂಡಿರುವ ನೆಲ ಕೇಪ್ ಕಾಡ್. ಬೇಸಿಗೆಯಲ್ಲಿ ಸಮುದ್ರ ನೋಡಲು ಬರುವವರ ಜೊತೆಗೆ ದೇಶದ ಮೂಲೆಮೂಲೆಗಳಿಂದ ಕಾಲೇಜು ಹುಡುಗರೂ ಇಲ್ಲಿಗೆ ಬರುತ್ತಾರೆ, ಬೇಸ್‌ಬಾಲ್ ಆಡಲು. ಹತ್ತು ತಂಡ, ಜೂನ್ ಮಧ್ಯದಿಂದ ಆಗಸ್ಟ್ ಆರಂಭದವರೆಗೆ ಹೆಚ್ಚುಕಡಿಮೆ ದಿನವೂ ಪಂದ್ಯ. ಕೇಪ್ ಕಾಡ್ ಬೇಸ್‌ಬಾಲ್ ಲೀಗ್ ತನ್ನ ಹುಟ್ಟನ್ನು 1885ರಿಂದ ಎಣಿಸಿಕೊಳ್ಳುತ್ತದೆ. ಕಾಲೇಜು ಆಟಗಾರರ ಲೀಗ್ ಎಂಬ ಈಗಿನ ರೂಪ ಬಂದದ್ದು 1963ರಲ್ಲಿ. ಆಟಗಾರರಿಗೆ ಸಂಬಳವಿಲ್ಲ. ಅವರು ಉಳಿಯುವುದು ಊರಿನವರ ಮನೆಗಳಲ್ಲಿ.

ಅಂಥ ಮನೆಗಳಲ್ಲಿ ನಮ್ಮದೂ ಒಂದು. ಗಂಡನ ಕೆಲಸಕ್ಕಾಗಿ ಇಲ್ಲಿಗೆ ಬಂದು ನೆಲೆಸಿದವರು ನಾವು. ಪಕ್ಕದ ಮನೆಯಾಕೆ ಒಂದು ವಸಂತದಲ್ಲಿ, "ನಿಮ್ಮ ಮೇಲಿನ ಕೋಣೆ ಖಾಲಿ ಇದೆಯಲ್ಲ, ಒಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತೀರಾ?" ಎಂದು ಕೇಳಿದಾಗ ನನಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ. ಆದರೂ ಒಪ್ಪಿಕೊಂಡೆ. ಆಮೇಲೆ ಊರಿನ ತಂಡದ ಸ್ವಯಂಸೇವಕಿಯೂ ಆದೆ. ಈ ವರ್ಷಗಳಲ್ಲಿ ನಾನು ಎಡವಿದ್ದೂ ಕಲಿತದ್ದೂ ಹೊಸದಾಗಿ ಬಾಗಿಲು ತೆರೆಯುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

1. ಅಡುಗೆಮನೆ ಮೊದಲು ಅವರ ಹೊಟ್ಟೆಗೆ ಹೊಂದಿಕೊಳ್ಳಬೇಕು.

ನಮ್ಮದು ಸಸ್ಯಾಹಾರಿ ಮನೆ. ಮೊದಲು ಬಂದವನು ಟೆಕ್ಸಾಸಿನ ಪಿಚರ್, ಎಂದರೆ ಚೆಂಡೆಸೆಯುವವನು, ಆರಡಿ ಮೀರಿದ ಆಳು. ಸಂಜೆ ಏಳಕ್ಕೆ ಅನ್ನ, ಸಾರು, ಪಲ್ಯ, ಚಪಾತಿ ಮಾಡಿ ಮುಚ್ಚಿಟ್ಟೆ. ಅವನು ಮೈದಾನದಿಂದ ಬಂದದ್ದು ಹತ್ತೂವರೆಗೆ. ಬಡಿಸಿದ್ದನ್ನೆಲ್ಲ ವಿನಯದಿಂದ ತಿಂದ, ಪಾತ್ರೆ ತೊಳೆದಿಟ್ಟ, "ತುಂಬ ಚೆನ್ನಾಗಿತ್ತು" ಎಂದ. ನಾನು ನಂಬಿದೆ. ಕೆಲವು ವಾರಗಳ ನಂತರ ತಂಡದ ಟ್ರೈನರ್ ನನ್ನನ್ನು ಪಕ್ಕಕ್ಕೆ ಕರೆದು, ಹುಡುಗನ ತೂಕ ಇಳಿಯುತ್ತಿದೆ, ಚೆಂಡಿನ ವೇಗವೂ ಇಳಿಯುತ್ತಿದೆ ಎಂದರು. ರಾತ್ರಿ ಹಸಿವು ತಾಳದೆ ಅವನು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಚಿಪ್ಸ್ ಕೊಂಡು ತಿನ್ನುತ್ತಿದ್ದ. ನನ್ನ ಮನೆಯಲ್ಲಿದ್ದೂ ಒಂದು ಮಗು ಅರೆಹೊಟ್ಟೆಯಲ್ಲಿ ಮಲಗಿತಲ್ಲ ಎಂದು ಅಂದು ಆದ ಸಂಕಟ ಇನ್ನೂ ಮಾಸಿಲ್ಲ.

ಅಂದಿನಿಂದ ಹುಡುಗ ಬಂದ ಮೊದಲ ದಿನವೇ ಅವನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ನೀನು ಏನು ತಿನ್ನುತ್ತೀಯೋ ಅದನ್ನು ಗಾಡಿಗೆ ಹಾಕು ಎನ್ನುತ್ತೇನೆ. ಫ್ರಿಜ್ಜಿನಲ್ಲಿ ಒಂದು ಅರೆ ಅವನದು. ಮೊಟ್ಟೆ, ಹಾಲು, ಬೇಯಿಸಿದ ಕೋಳಿ ಅಲ್ಲಿರುತ್ತವೆ. ಊರಿಂದ ಬಂದಿದ್ದ ನಮ್ಮತ್ತೆ ಇದನ್ನು ಹೇಗೆ ಸಹಿಸಿಕೊಳ್ಳುತ್ತಾರೋ ಎಂದು ಹೆದರಿದ್ದೆ. "ಆಡೋ ಹುಡುಗ ಕಣೆ, ತಿನ್ನಲಿ" ಎಂದುಬಿಟ್ಟರು. ತಾವೇ ಕೂತು ಮೊಸರನ್ನ ಕಲಸಿ ಕೊಟ್ಟರು. ಬಿಸಿಲಲ್ಲಿ ಆಡಿ ಬಂದವನಿಗೆ ಅದು ಹಿಡಿಸಿತು. ಆ ವರ್ಷದಿಂದ ನಮ್ಮ ಮನೆಗೆ ಬಂದ ಹುಡುಗರೆಲ್ಲ ಮೊಸರನ್ನ ತಿಂದೇ ಹೋಗಿದ್ದಾರೆ.

2. ಮರದ ಬ್ಯಾಟು ಮೊದಲು ಎಲ್ಲರನ್ನೂ ಸೋಲಿಸುತ್ತದೆ.

ಈ ಲೀಗನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಮುಖ್ಯ ಸಂಗತಿ ಇದು. ಅಮೆರಿಕದ ಕಾಲೇಜು ಬೇಸ್‌ಬಾಲಿಗೆ ಅಲ್ಯೂಮಿನಿಯಂ ಬ್ಯಾಟು ಬಂದದ್ದು 1974ರಲ್ಲಿ. ಕೇಪ್ ಲೀಗ್ ಕೂಡ ಕೆಲವು ವರ್ಷ ಅದರಲ್ಲೇ ಆಡಿ, 1985ರಲ್ಲಿ ಮರಕ್ಕೆ ಮರಳಿತು. ವೃತ್ತಿಪರ ಬೇಸ್‌ಬಾಲ್ ನಡೆಯುವುದು ಮರದ ಬ್ಯಾಟಿನಲ್ಲೇ. ಹಾಗಾಗಿ ಕಾಲೇಜಿನಲ್ಲಿ ಮಿಂಚಿದ ಹುಡುಗ ನಿಜಕ್ಕೂ ಎಷ್ಟು ಗಟ್ಟಿ ಎಂದು ನೋಡಲು ದೊಡ್ಡ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟುಗಳು ಇಲ್ಲಿಗೆ ಬರುತ್ತಾರೆ, ಬ್ಯಾಟರ್ ನಿಲ್ಲುವ ಹೋಂ ಪ್ಲೇಟಿನ ಹಿಂದೆ ಕೂತು ಸ್ಪೀಡ್ ಗನ್ ಹಿಡಿಯುತ್ತಾರೆ.

ಇದೇನೂ ಗೊತ್ತಿಲ್ಲದ ನಾನು, ಎರಡನೆಯ ವರ್ಷ ಬಂದ ಬ್ಯಾಟರ್ ಸಾಲಾಗಿ ಸೋಲುವುದನ್ನು ನೋಡಿ, "ಕಾಲೇಜಿನಲ್ಲಿ ಅಷ್ಟು ಚೆನ್ನಾಗಿ ಹೊಡೆದಿದ್ದೀಯಲ್ಲ, ಇಲ್ಲೇನಾಯಿತು?" ಎಂದು ಕೇಳಿಬಿಟ್ಟೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅವನು ಉತ್ತರ ಕೊಡದೆ ಗ್ಯಾರೇಜಿಗೆ ಹೋದ. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಮೇಪಲ್ ಮರದ ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ತೋರಿಸಿದ. ಅದರ ಮೇಲೆ ಚೆಂಡು ಬಡಿದ ಗುರುತುಗಳು, ಒಂದೆರಡು ಕಡೆ ಹೊಲಿಗೆಯ ಅಚ್ಚೂ ಮೂಡಿತ್ತು. ತುದಿಯಿಂದ ಅಂಗೈ ಅಗಲದಷ್ಟು ಕೆಳಗೆ ಬಿದ್ದ ಗುರುತು ಒಳ್ಳೆಯದು ಎಂದ. ಅವನ ಬ್ಯಾಟಿನಲ್ಲಿ ಹೆಚ್ಚಿನವು ಅದಕ್ಕಿಂತ ಕೆಳಗೆ, ಹಿಡಿಯ ಕಡೆಗೆ ಇದ್ದವು. ಲೋಹದ ಬ್ಯಾಟಿನಲ್ಲಿ ಅಂಥ ಹೊಡೆತವೂ ಎಷ್ಟೋ ಸಲ ರನ್ ತರುತ್ತದೆ. ಮರದಲ್ಲಿ ಕೈ ಜುಮ್ಮೆನ್ನುತ್ತದೆ, ಬ್ಯಾಟು ಸೀಳಿಹೋಗುತ್ತದೆ. ಮೂಲೆಯಲ್ಲಿ ಮುರಿದ ಬ್ಯಾಟುಗಳು ಒರಗಿದ್ದವು. ಒಂದೊಂದರ ಬೆಲೆ ನೂರು ಡಾಲರಿಗೆ ಕಡಿಮೆಯಿಲ್ಲ. ಹುಡುಗನ ಸೋಲು ಎಷ್ಟು ಸೂಕ್ಷ್ಮವಾದದ್ದು, ಅದನ್ನು ಅವನು ಎಷ್ಟು ಶ್ರದ್ಧೆಯಿಂದ ಓದುತ್ತಿದ್ದಾನೆ ಎಂದು ಅವತ್ತು ತಿಳಿಯಿತು. ಜುಲೈ ಹೊತ್ತಿಗೆ ಗುರುತುಗಳು ಮೇಲಕ್ಕೆ ಸರಿದಿದ್ದವು. ಅಂಕಿಸಂಖ್ಯೆ ಅಷ್ಟೇನೂ ಏರಲಿಲ್ಲ, ಆದರೆ ಅವನು ಸಮಾಧಾನದಿಂದ ಊರಿಗೆ ಹೋದ.

3. ಕ್ರಿಕೆಟ್ಟಿನ ಕಣ್ಣಿಂದ ನೋಡಿದರೆ ಅರ್ಧ ಆಟ ಕಾಣುವುದಿಲ್ಲ.

ವಿಶ್ವನಾಥ್, ದ್ರಾವಿಡ್ ಎಂದು ಕನವರಿಸಿ ಬೆಳೆದ ನಮಗೆ ಔಟಾಗುವುದೆಂದರೆ ಕತೆ ಮುಗಿದಂತೆ. ಇಲ್ಲಿ ಹಾಗಿಲ್ಲ. ಒಬ್ಬ ಬ್ಯಾಟರ್ ಒಂದೇ ಪಂದ್ಯದಲ್ಲಿ ನಾಲ್ಕೈದು ಸಲ ಬರುತ್ತಾನೆ, ಹತ್ತರಲ್ಲಿ ಮೂರು ಸಲ ಗೆದ್ದರೆ ಒಳ್ಳೆಯ ಆಟಗಾರ ಎನಿಸಿಕೊಳ್ಳುತ್ತಾನೆ. 1967ರಲ್ಲಿ ಇಲ್ಲಿನ ಚಾಟಂ ತಂಡಕ್ಕೆ ಆಡಿದ ಥರ್ಮನ್ ಮನ್ಸನ್ .420 ಸರಾಸರಿಯಲ್ಲಿ ಹೊಡೆದರು. ಲೀಗಿನಲ್ಲಿ ಅತಿ ಹೆಚ್ಚು ಸರಾಸರಿ ಗಳಿಸಿದ ಬ್ಯಾಟರ್‌ಗೆ ಕೊಡುವ ಪ್ರಶಸ್ತಿಗೆ ಇಂದಿಗೂ ಅವರದೇ ಹೆಸರು. ಆ ಬೇಸಿಗೆಯಲ್ಲೂ ಅವರು ಹತ್ತರಲ್ಲಿ ಸುಮಾರು ಆರು ಸಲ ಸೋತಿದ್ದರು. ನಾನು ಮಾತ್ರ ನಮ್ಮ ಮನೆಯ ಹುಡುಗ ಒಂದು ಸಲ ಔಟಾದರೆ ಸಾವಿನ ಮನೆಯ ಮುಖ ಮಾಡಿಕೊಂಡು ಕೂರುತ್ತಿದ್ದೆ. ಅವನು ಡಗೌಟಿನಿಂದ ನನ್ನ ಕಡೆ ನೋಡುವುದನ್ನೇ ಬಿಟ್ಟ. ಹೊಡೆಯದೆ ಸುಮ್ಮನೆ ನಿಂತು, ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ಮೊದಲ ಬೇಸ್‌ಗೆ ನಡೆದುಹೋಗುವುದೂ ಒಂದು ಗೆಲುವು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು.

4. ಮನೆಗೆ ಬಂದ ಮೇಲೆ ಆಟದ ಮಾತು ನೀವಾಗಿ ಎತ್ತಬೇಡಿ.

ಮೈದಾನದಲ್ಲಿ ಕೋಚ್ ಇದ್ದಾರೆ, ಸ್ಕೌಟುಗಳಿದ್ದಾರೆ. ಫೋನಿನಲ್ಲಿ ಅಪ್ಪ, ಕಾಲೇಜಿನ ಕೋಚ್, ಗೆಳೆಯರು. ಎಲ್ಲರೂ ಕೇಳುವುದು ಅದೊಂದನ್ನೇ. ನನ್ನ ಗಂಡ ಕೂಡ ಊಟದ ಮೇಜಿನಲ್ಲಿ ಆರನೆಯ ಇನಿಂಗ್ಸಿನ ವಿಶ್ಲೇಷಣೆ ಶುರು ಮಾಡುತ್ತಿದ್ದರು, ನಾನೂ ದನಿಗೂಡಿಸುತ್ತಿದ್ದೆ. ಹುಡುಗ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗತೊಡಗಿದ. ಅತ್ತೆಗೆ ಆಟ ಅರ್ಥವಾಗುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಅವರು ಸೋತ ದಿನವೂ ಗೆದ್ದ ದಿನವೂ "ಊಟ ಆಯ್ತೇನಪ್ಪಾ?" ಎಂದಷ್ಟೇ ಕೇಳುತ್ತಿದ್ದರು. "ಆಯ್ತು ಅಜ್ಜಿ" ಎನ್ನುವುದನ್ನು ಕಲಿತು, ಅವನು ಅವರ ಪಕ್ಕ ಕೂತು ಟೀವಿ ನೋಡುತ್ತಿದ್ದ. ನಾವಿಬ್ಬರೂ ಅವರನ್ನು ನೋಡಿ ಸುಮ್ಮನಾದೆವು.

5. ಯಾರು ಯಾವತ್ತು ಬೇಕಾದರೂ ಹೊರಡಬಹುದು.

ಇದಕ್ಕೆ ಯಾರೂ ನನ್ನನ್ನು ಸಿದ್ಧಪಡಿಸಿರಲಿಲ್ಲ. ಕೇಪಿನಲ್ಲಿ ಪಂದ್ಯಗಳು ಶುರುವಾಗುವಾಗ ದೊಡ್ಡ ಕಾಲೇಜುಗಳ ತಂಡಗಳು ಇನ್ನೂ ರಾಷ್ಟ್ರೀಯ ಟೂರ್ನಿಯಲ್ಲಿರುತ್ತವೆ. ಓಮಾಹಾ ನಗರದಲ್ಲಿ ಅದು ಮುಗಿಯುವುದು ಜೂನ್ ಕೊನೆಗೆ. ಅಲ್ಲಿಯವರೆಗೆ ಆ ಹುಡುಗರ ಜಾಗ ತುಂಬಲು ತಾತ್ಕಾಲಿಕ ಆಟಗಾರರನ್ನು ಕರೆಸುತ್ತಾರೆ. ಇವರನ್ನು ಇಲ್ಲಿ "ಟೆಂಪ್" ಎನ್ನುತ್ತಾರೆ. ಚೆನ್ನಾಗಿ ಆಡಿದರೆ ಕೆಲವರು ಉಳಿಯುತ್ತಾರೆ, ಹೆಚ್ಚಿನವರು ಮರಳುತ್ತಾರೆ. ನಮಗೊಬ್ಬ ಟೆಂಪ್ ಬಂದಾಗ, ಹೇಗೂ ಹೋಗುವವನು ಎಂದು ಅವನಿಗೆ ಮೇಲಿನ ಕೋಣೆ ಕೊಡದೆ ನೆಲಮಾಳಿಗೆಯ ಸೋಫಾ ತೋರಿಸಿದೆ. ಅಂಗಡಿಗೂ ಕರೆದುಕೊಂಡು ಹೋಗಲಿಲ್ಲ. ಎಂಟೋ ಹತ್ತೋ ದಿನಕ್ಕೆ ಅವನಿಗೆ ಕರೆ ಬಂತು, ಬೆಳಿಗ್ಗೆ ಚೀಲ ತುಂಬಿಕೊಂಡ. ಹೊರಡುವಾಗ ಹೊದಿಕೆಯನ್ನು ನೀಟಾಗಿ ಮಡಿಸಿ ಅದರ ಮೇಲೆ ಧನ್ಯವಾದದ ಚೀಟಿ ಇಟ್ಟಿದ್ದ. ಆ ಚೀಟಿ ಓದಿ ನನಗೆ ನಾಚಿಕೆಯಾಯಿತು. ಅವನ ಪಾಲಿಗೆ ಇಡೀ ಕೇಪ್ ಕಾಡ್ ಎಂದರೆ ಆ ಸೋಫಾ ಆಗಿತ್ತು.

ಈಗ ಟೆಂಪ್ ಹುಡುಗನಿಗೂ ಅದೇ ಕೋಣೆ, ಅದೇ ಫ್ರಿಜ್ಜಿನ ಅರೆ. 2021ರಿಂದ, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೇಜರ್ ಲೀಗಿನ ಡ್ರಾಫ್ಟ್ ಜುಲೈಗೆ ಬಂದಿರುವುದರಿಂದ ಮಧ್ಯದಲ್ಲೂ ಹುಡುಗರು ಹೊರಡುತ್ತಾರೆ. ಪಿಚರುಗಳ ತೋಳಿಗೆ ಆಯಾಸವಾಗಬಾರದೆಂದು ಕಾಲೇಜುಗಳೇ ವಾಪಸು ಕರೆಸಿಕೊಳ್ಳುವುದೂ ಉಂಟು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿಡಿ. ನನ್ನ ಮಗಳು ಒಂದು ವರ್ಷ ವಾರಗಟ್ಟಲೆ ಅತ್ತಳು.

6. ಮಂಜಿನ ಜೊತೆ ವಾದ ಮಾಡಬೇಡಿ.

ಸಂಜೆ ಸಮುದ್ರದಿಂದ ಮಂಜು ಏರಿ ಬಂದರೆ ಆಟ ನಿಂತಿತೆಂದೇ ಲೆಕ್ಕ. ಚಾಟಂನ ಮೈದಾನ ಇದಕ್ಕೆ ಹೆಸರುವಾಸಿ. ಮೇಲಕ್ಕೆ ಹೋದ ಚೆಂಡು ಹೊರಮೈದಾನದವನಿಗೆ ಕಾಣುವುದೇ ಇಲ್ಲ. ಕೊಟುಯಿಟ್, ಬ್ರೂಸ್ಟರ್‌ನಂಥ ಊರುಗಳ ಮೈದಾನದಲ್ಲಿ ದೀಪಗಳಿಲ್ಲ, ಕತ್ತಲಾದರೂ ಮುಗಿಯಿತು. ಸ್ವೆಟರ್ ಒಯ್ಯಿರಿ, ಜುಲೈ ಆದರೂ.

7. ಟೋಪಿ ಹಿಡಿದು ಕೇಳಲು ಸಂಕೋಚ ಬೇಡ.

ಲೀಗಿನ ಪಂದ್ಯಗಳಿಗೆ ಟಿಕೆಟ್ ಇಲ್ಲ. ನಡುವೆ ಸ್ವಯಂಸೇವಕರು ಟೋಪಿಯೋ ಡಬ್ಬಿಯೋ ಹಿಡಿದು ಸಾಲುಸಾಲಾಗಿ ಹೋಗುತ್ತಾರೆ, ಜನ ಕೈಲಾದಷ್ಟು ಹಾಕುತ್ತಾರೆ. ಚೆಂಡು, ಬಸ್ಸು, ಅಂಪೈರುಗಳ ಶುಲ್ಕ ಇವಕ್ಕೆಲ್ಲ ಈ ಹಣ, ಟೀಶರ್ಟ್ ಮಾರಾಟ ಮತ್ತು ದಾನಿಗಳೇ ಆಧಾರ. ಕೈಯೊಡ್ಡಿ ಅಭ್ಯಾಸವಿಲ್ಲದ ನಾನು ಮೊದಲ ವರ್ಷ ಯಾರ ಮುಖವನ್ನೂ ನೋಡದೆ ಸರಸರ ನಡೆದುಬಿಡುತ್ತಿದ್ದೆ. ಹಣ ತೆಗೆದು ಹಿಡಿದುಕೊಂಡಿದ್ದ ಒಬ್ಬ ವೃದ್ಧರು, "ಅಮ್ಮಾ, ನನ್ನನ್ನು ಬಿಟ್ಟು ಹೋದಿರಿ" ಎಂದು ಹಿಂದಿನಿಂದ ಕೂಗಿದರು. ಕೊಡುವವರಿಗೂ ಅದೊಂದು ಸಂತೋಷ ಎಂಬುದನ್ನು ನಾನು ಮರೆತಿದ್ದೆ. ಇನಿಂಗ್ಸ್ ಬದಲಾಗುವಾಗ ಹೋಗಿ. ಪಿಚರ್ ಚೆಂಡೆಸೆಯುವಾಗ ಯಾರಿಗೂ ಅಡ್ಡ ನಿಲ್ಲಬೇಡಿ. ನಿಮಗೆ ಕೊಡುವವರ ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಮಾತಾಡಿಸಿ.

8. ಮುಂದೆ ಯಾರು ದೊಡ್ಡವನಾಗುತ್ತಾನೆ ಎಂದು ಹುಡುಕಬೇಡಿ.

ಈ ಆಸೆ ಎಲ್ಲರಿಗೂ ಇರುತ್ತದೆ. 2022ರಲ್ಲಿ 62 ಹೋಂ ರನ್ ಹೊಡೆದು ಅಮೆರಿಕನ್ ಲೀಗಿನ ದಾಖಲೆ ಮುರಿದ ಆರನ್ ಜಡ್ಜ್, 2012ರ ಬೇಸಿಗೆಯಲ್ಲಿ ಬ್ರೂಸ್ಟರಿಗೆ ಆಡಿದವರು. ಫ್ರಾಂಕ್ ಥಾಮಸ್ ಆರ್ಲೀನ್ಸಿಗೆ, ಜೆಫ್ ಬ್ಯಾಗ್ವೆಲ್ ಚಾಟಂಗೆ ಆಡಿದ್ದರು. ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಇಲ್ಲಿಂದ ಮೇಜರ್ ಲೀಗಿಗೆ ಹೋದವರ ಸಂಖ್ಯೆ ಸಾವಿರ ದಾಟಿದೆ. ಹಾಗೆಂದು ನಾನೂ ಪಟ್ಟಿ ನೋಡಿ, ಯಾರಿಗೆ ಹೆಸರಿದೆಯೋ ಅವನನ್ನೇ ನಮ್ಮ ಮನೆಗೆ ಕಳಿಸಿ ಎಂದು ಒಂದು ವರ್ಷ ಕೇಳಿಕೊಂಡೆ. ಕಳಿಸಿದರು. ಅವನ ಮೇಲೆ ಎಲ್ಲರ ನಿರೀಕ್ಷೆಯ ಜೊತೆಗೆ ನನ್ನದೂ ಒಂದು ಸೇರಿತು. ಮೊಣಕೈ ನೋವಿನಿಂದ ಜುಲೈಯಲ್ಲೇ ಹೊರಟ ಅವನು ನನ್ನ ಹತ್ತಿರ ಕ್ಷಮೆ ಕೇಳಿದ. ಇಪ್ಪತ್ತರ ಹುಡುಗ ನನ್ನ ಹತ್ತಿರ ಯಾಕೆ ಕ್ಷಮೆ ಕೇಳಬೇಕಿತ್ತು? ಅದಾದ ಮೇಲೆ ಹುಡುಗ ಬರುವ ಮುನ್ನ ಅವನ ದಾಖಲೆಗಳನ್ನು ನಾನು ತೆರೆದು ನೋಡುವುದಿಲ್ಲ.

ನಮ್ಮ ಮನೆಯಲ್ಲಿ ಉಳಿದವರಲ್ಲಿ ಹೆಚ್ಚಿನವರು ಈಗ ಬೇಸ್‌ಬಾಲ್ ಆಡುತ್ತಿಲ್ಲ. ಒಬ್ಬ ಶಾಲಾ ಮೇಷ್ಟ್ರು, ಒಬ್ಬ ಅಗ್ನಿಶಾಮಕ ದಳದಲ್ಲಿದ್ದಾನೆ. ಆ ಟೆಕ್ಸಾಸಿನ ಪಿಚರ್ ಮದುವೆಗೆ ಕರೆದಿದ್ದ, ಹೋಗಿ ಬಂದೆವು.

ಬಾಸ್ಟನ್ ಸುತ್ತಮುತ್ತಲಿನ ಕನ್ನಡಿಗರು ಸಮುದ್ರ ನೋಡಲು ಕೇಪಿಗೆ ಬಂದೇ ಬರುತ್ತೀರಿ. ಸಂಜೆ ಒಂದು ಮೈದಾನಕ್ಕೆ ಹೋಗಿ, ಮಡಿಸುವ ಕುರ್ಚಿ ಹಾಕಿಕೊಂಡು ಕೂರಿ, ಟೋಪಿ ಬಂದಾಗ ಕೈ ಬಿಚ್ಚಿ ಹಾಕಿ. ಮಕ್ಕಳನ್ನೂ ಊರಿಂದ ಬಂದ ಅಪ್ಪಅಮ್ಮನನ್ನೂ ಕರೆತನ್ನಿ. ಇಲ್ಲೇ ನೆಲೆಸಿದವರಾಗಿ ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದರೆ ಹತ್ತಿರದ ತಂಡದವರನ್ನು ಚಳಿಗಾಲದಲ್ಲೇ ಮಾತಾಡಿಸಿ. ಹುಡುಗರಿಗೆ ಮನೆಗಳು ಪ್ರತಿವರ್ಷವೂ ಬೇಕಾಗುತ್ತವೆ.