ಫೋನು ಬ್ಯಾಂಕಿನೊಡನೆ ಗುಟ್ಟಾಗಿ ಮಾತನಾಡುವುದು ಹೇಗೆ?



ನಮ್ಮ ಮಂಗಳೂರು ಬ್ಯಾಂಕುಗಳ ಊರು. ಕರ್ಣಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿದ್ದು ಇಲ್ಲಿಯೇ. ಆಗ ಹಣ ಬೇಕಾದರೆ ಬ್ಯಾಂಕಿಗೇ ಹೋಗಬೇಕಿತ್ತು. ಈಗ ಅಂಗೈಯಲ್ಲೇ ಬ್ಯಾಂಕು ಉಂಟು. ಆದರೆ ಫೋನಿನ ಮಾತು ಎಷ್ಟೋ ಯಂತ್ರಗಳನ್ನು ದಾಟಿ ಹೋಗುತ್ತದೆ. ದಾರಿಯಲ್ಲಿ ಯಾರಾದರೂ ಕದ್ದು ಕೇಳಿದರೆ? ಅದಕ್ಕೇ ಫೋನು ಮಾತಿಗೆ ಮೊದಲು ಮೂರು ಕೆಲಸ ಮಾಡುತ್ತದೆ. ಈ ಕ್ರಮದ ಹೆಸರು ಟಿ.ಎಲ್.ಎಸ್.

1. ನಮಸ್ಕಾರ: ಫೋನು ತನಗೆ ಗೊತ್ತಿರುವ ಗೂಢಲಿಪಿಗಳ ಪಟ್ಟಿ ಕಳಿಸುತ್ತದೆ. ಬ್ಯಾಂಕಿನ ಕಂಪ್ಯೂಟರು ಅದರಲ್ಲಿ ಒಂದನ್ನು ಆರಿಸುತ್ತದೆ.

2. ಬೀಗದ ಕೈ: ಇಬ್ಬರಿಗೂ ಒಂದೇ ಬೀಗದ ಕೈ ಬೇಕು, ಆದರೆ ಅದನ್ನು ದಾರಿಯಲ್ಲಿ ಕಳಿಸಬಾರದು. ಇದಕ್ಕೆ ಡಿಫಿ ಮತ್ತು ಹೆಲ್ಮನ್ ಎಂಬವರು 1976ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಲೆಕ್ಕ ಮಾಡಿ ನೋಡಿ. 2 ಮತ್ತು 11 ಎಲ್ಲರಿಗೂ ಗೊತ್ತು. ಫೋನಿನ ಗುಟ್ಟು 3. 2ರ ಘಾತ 3 ಅಂದರೆ 8. 11ರಿಂದ ಭಾಗಿಸಿದರೆ ಶೇಷ 8. ಅದನ್ನು ಕಳಿಸುತ್ತದೆ. ಬ್ಯಾಂಕಿನ ಗುಟ್ಟು 4. 2ರ ಘಾತ 4 ಅಂದರೆ 16, ಶೇಷ 5. ಅದು 5 ಕಳಿಸುತ್ತದೆ. ಈಗ ಫೋನಿನಲ್ಲಿ 5ರ ಘಾತ 3 = 125, ಶೇಷ 4. ಬ್ಯಾಂಕಿನಲ್ಲಿ 8ರ ಘಾತ 4 = 4096, ಶೇಷ 4. ಇಬ್ಬರಿಗೂ 4 ಸಿಕ್ಕಿತು! ದಾರಿಯಲ್ಲಿ ಹೋದದ್ದು 8 ಮತ್ತು 5 ಮಾತ್ರ. ನಿಜವಾದ ಸಂಖ್ಯೆಗಳು ಬಹಳ ದೊಡ್ಡವು, ಕಳ್ಳನಿಗೆ ಗುಟ್ಟು ಹುಡುಕಲು ಆಗುವುದಿಲ್ಲ.

3. ಗುರುತು: ಜಾತ್ರೆಯಲ್ಲಿ ದನದ ವ್ಯಾಪಾರಿಗಳು ಟವೆಲಿನ ಅಡಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಗುಟ್ಟೇನೋ ಉಳಿಯಿತು, ಆದರೆ ಕೈ ಯಾರದು ಅಂತ ನೋಡಬೇಡವೇ? ಹಾಗೆಯೇ ಫೋನು ಬ್ಯಾಂಕಿನ ಪ್ರಮಾಣಪತ್ರದಲ್ಲಿ ಹೆಸರು, ಅವಧಿ, ನಂಬಿಕೆಯ ಸಂಸ್ಥೆಯ ಸಹಿ ಈ ಮೂರನ್ನೂ ನೋಡುತ್ತದೆ.

ಕಳೆದ ತಿಂಗಳು ಅಮ್ಮನ ಫೋನಿನಲ್ಲಿ "ಸಂಪರ್ಕ ಸುರಕ್ಷಿತವಲ್ಲ" ಅಂತ ಬಂತು. "ಎಂತ ಆಗುದಿಲ್ಲ, ಮುಂದೆ ಒತ್ತು ಮಗಳೇ" ಅಂದರು ಅಮ್ಮ. ನನಗೆ ಹೆದರಿಕೆ ಆಯಿತು. ಬೀಡಿ ಕಟ್ಟಿದ ದುಡ್ಡೆಲ್ಲಾ ಅದರಲ್ಲೇ ಇತ್ತು. ಒತ್ತಲಿಲ್ಲ, ಮಾಷ್ಟ್ರಿಗೆ ತೋರಿಸಿದೆ. ನೋಡಿದರೆ ಬ್ಯಾಟರಿ ಪೂರ್ತಿ ಮುಗಿದು ಫೋನಿನ ತಾರೀಕು ಹಿಂದೆ ಹೋಗಿತ್ತು! ಪ್ರಮಾಣಪತ್ರದ ಅವಧಿ ತಾಳೆಯಾಗಲಿಲ್ಲ. ತಾರೀಕು ಸರಿ ಮಾಡಿದ ಮೇಲೆ ಎಲ್ಲ ಸರಿಯಾಯಿತು. ಆದರೆ ಪ್ರತಿ ಸಲವೂ ಕಾರಣ ತಾರೀಕೇ ಆಗಿರಬೇಕೆಂದಿಲ್ಲ.

ಗೆಳೆಯರೇ, ಮೋಸಗಾರರ ಪುಟಕ್ಕೂ ಬೀಗದ ಚಿತ್ರ ಇರಬಹುದು. ಬೀಗ ಇದ್ದರೆ ದಾರಿ ಭದ್ರ, ಆಚೆ ಇರುವವರು ಒಳ್ಳೆಯವರು ಅಂತಲ್ಲ. ಬ್ಯಾಂಕುಗಳ ವಿಳಾಸ "ಬ್ಯಾಂಕ್ ಡಾಟ್ ಇನ್" ಎಂದು ಮುಗಿಯಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ನಿಯಮ ಮಾಡಿತು. ಆದ್ದರಿಂದ ಬೀಗ ನೋಡಿ, ಹೆಸರನ್ನೂ ಓದಿ. ಎಚ್ಚರಿಕೆ ಬಂದರೆ ಮುಂದೆ ಒತ್ತಬೇಡಿ. ಮನೆಯವರಿಗೂ ಹೇಳಿ.

- 7ನೇ ತರಗತಿಯ ವಿದ್ಯಾರ್ಥಿನಿ