ಮಳೆಗಾಲದ ಆಪತ್ತಿಗೆ ಮನೆಯಲ್ಲಿ ದಿನಸಿ ದಾಸ್ತಾನು

ಬಿತ್ತನೆ ಬೀಜ, ಗೊಬ್ಬರ, ದನಗಳ ಮೇವು ಇವನ್ನೆಲ್ಲ ಮೃಗಶಿರ ಮಳೆಗೆ ಮುಂಚೆಯೇ ಹೊಂದಿಸಿಕೊಳ್ಳುವ ನಾವು ಅಡಿಗೆ ಸಾಮಾನನ್ನು ಮಾತ್ರ ವಾರದ ಸಂತೆಗೆ ಬಿಟ್ಟುಬಿಡುತ್ತೇವೆ. ಹಿಂದೆ ಹೀಗಿರಲಿಲ್ಲ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಉಪ್ಪು, ಬೆಲ್ಲ, ಬೇಳೆ, ಒಣಮೆಣಸು ಎಲ್ಲವೂ ಅಟ್ಟ ಸೇರಿರುತ್ತಿದ್ದವು. ಊರಿಗೆ ರಸ್ತೆ, ಬಸ್ಸು ಬಂದು, ಮೂಲೆಗೊಂದು ಅಂಗಡಿ ತೆರೆದ ಮೇಲೆ ಆ ಪದ್ಧತಿ ಸಡಿಲವಾಯಿತು.

ಆದರೆ ರಸ್ತೆಯೇ ಕಡಿದುಹೋದರೆ? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯ ಸಂಪರ್ಕ ತಪ್ಪಿತು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಮಳೆಯೂ ಇಲ್ಲದೆ, ಪ್ರವಾಹವೂ ಇಲ್ಲದೆ ಸಂತೆಗಳು ನಿಂತವು. ಇಂಥ ಸಮಯದಲ್ಲಿ ಸರ್ಕಾರದ ನೆರವು ಬರುತ್ತದೆ. ಆದರೆ ಅದು ಬಂದು ತಲಪುವವರೆಗಿನ ದಿನಗಳನ್ನು ಮನೆಯಲ್ಲಿರುವುದರಿಂದಲೇ ದೂಡಬೇಕು. ಆ ದಿನಗಳಿಗಾಗಿ ಅಂಗಡಿಯಿಂದ ಏನನ್ನು ಎಷ್ಟು ತರಬೇಕು, ಕೆಡದಂತೆ ಹೇಗೆ ಇಡಬೇಕು ಎಂಬುದನ್ನು ಇಲ್ಲಿ ತಿಳಿಸಿದೆ.

ಎಷ್ಟು ಬೇಕು?

ವಿಶ್ವ ಆಹಾರ ಕಾರ್ಯಕ್ರಮದವರು ಸಂತ್ರಸ್ತರಿಗೆ ಕೊಡುವ ಪಡಿತರದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ, 15 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು ಇರುತ್ತದೆ. ಈ ಲೆಕ್ಕದಲ್ಲಿ ಐದು ಜನರಿರುವ ಮನೆಗೆ 15 ದಿನಕ್ಕೆ 30 ಕಿಲೋ ಅಕ್ಕಿ ಅಥವಾ ರಾಗಿ, ನಾಲ್ಕೂವರೆ ಕಿಲೋ ಬೇಳೆ, ಸುಮಾರು 2 ಲೀಟರ್ ಎಣ್ಣೆ, ಒಂದು ಕಿಲೋಗೆ ತುಸು ಮೇಲ್ಪಟ್ಟು ಸಕ್ಕರೆ ಅಥವಾ ಬೆಲ್ಲ, ಅರ್ಧ ಕಿಲೋ ಉಪ್ಪು ಸಾಕಾಗುತ್ತದೆ. ಹೊಲದಲ್ಲಿ ದುಡಿಯುವವರು ಹೆಚ್ಚು ಉಣ್ಣುತ್ತಾರೆ, ನೆಂಟರೂ ನೆರೆಯವರೂ ಬಂದು ಸೇರಬಹುದು. ಆದ್ದರಿಂದ ಇದರ ಮೇಲೆ ಕಾಲುಭಾಗ ಸೇರಿಸಿಕೊಳ್ಳಿ.

ನೋಡಿ, ಇದು ದೊಡ್ಡ ದಾಸ್ತಾನೇನೂ ಅಲ್ಲ. ಸ್ವಂತ ಭತ್ತ, ರಾಗಿ, ಜೋಳ ಇರುವ ಮನೆಯಲ್ಲಿ ಕೊಳ್ಳಬೇಕಾದದ್ದು ಇನ್ನೂ ಕಡಿಮೆ. ಇದಕ್ಕಾಗಿ ಸಾಲ ಮಾಡುವುದು ಬೇಡ. ಏಪ್ರಿಲ್‌ನಿಂದ ಪ್ರತಿ ಸಂತೆಯಲ್ಲೂ ಒಂದೊಂದು ಸಾಮಾನನ್ನು ಹೆಚ್ಚಾಗಿ ತಂದರೆ ಮೇ ಕೊನೆಯ ಹೊತ್ತಿಗೆ ಎಲ್ಲವೂ ಕೂಡಿರುತ್ತದೆ. ಮೂರು ತಿಂಗಳಿಗಾಗುವಷ್ಟು ಪೊಟ್ಟಣಗಳನ್ನು ತುಂಬಿಟ್ಟವರ ಮನೆಯಲ್ಲಿ ಅರ್ಧ ಸಾಮಾನು ಹುಳುವಿನ ಪಾಲಾಗುವುದನ್ನು ಕಂಡಿದ್ದೇನೆ. ಮನೆಯವರು ದಿನವೂ ಉಣ್ಣುವುದನ್ನೇ ತನ್ನಿ. ಎಂದೂ ತಿನ್ನದ ವಸ್ತು ಅಗ್ಗವೆಂದು ತಂದರೆ ಅದು ಡಬ್ಬಿಯಲ್ಲೇ ಹಳತಾಗುತ್ತದೆ.

ಯಾವುದು ಉಳಿಯುತ್ತದೆ, ಯಾವುದು ಕೆಡುತ್ತದೆ

ಆಹಾರವನ್ನು ಕೆಡಿಸುವವು ಮುಖ್ಯವಾಗಿ ಮೂರು: ತೇವ, ಹುಳು, ಮತ್ತು ಅದರೊಳಗಿನ ಎಣ್ಣೆಯ ಅಂಶ. ಮೂರನೆಯದನ್ನು ಅನೇಕರು ಗಮನಿಸುವುದಿಲ್ಲ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ತವುಡಿನ ಎಣ್ಣೆ ಹೋಗಿರುವುದರಿಂದ ಅದು ಬಹುಕಾಲ ಉಳಿಯುತ್ತದೆ. ತವುಡು ಉಳಿಸಿದ ಅಕ್ಕಿ ಪೌಷ್ಟಿಕವಾದರೂ ಬೇಗ ಕಮಟು ವಾಸನೆ ಹಿಡಿಯುತ್ತದೆ, ದಾಸ್ತಾನಿಗೆ ತಕ್ಕದ್ದಲ್ಲ. ಹಾಗೆಯೇ ಇಡೀ ಕಾಳಿಗಿಂತ ಹಿಟ್ಟು ಬೇಗ ಕೆಡುತ್ತದೆ. ಸಜ್ಜೆ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದು ಬಯಲುಸೀಮೆಯ ಗೃಹಿಣಿಯರಿಗೆ ಗೊತ್ತೇ ಇದೆ. ಅದೇ ರಾಗಿಯನ್ನು ಕಾಳಾಗಿಯೇ ಇಟ್ಟರೆ ಎಷ್ಟೋ ವರ್ಷ ಜಗ್ಗುವುದಿಲ್ಲ. ಆದ್ದರಿಂದ ಧಾನ್ಯವನ್ನು ಕಾಳಾಗಿ ಇಟ್ಟು, ಹಿಟ್ಟನ್ನು ಹತ್ತು-ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೀಸಿಟ್ಟುಕೊಳ್ಳಿ.

ಇದನ್ನು ನಾನು ಕಲಿತದ್ದು ಸ್ವಂತ ನಷ್ಟದಿಂದ. ಒಮ್ಮೆ ಬೆಲೆ ಕಡಿಮೆಯೆಂದು ಹತ್ತು ಕಿಲೋ ಗೋಧಿ ಹಿಟ್ಟನ್ನು ಜೂನ್‌ನಲ್ಲಿ ಕೊಂಡು ಮೂಟೆಯಲ್ಲೇ ಬಿಟ್ಟಿದ್ದೆ. ಆಗಸ್ಟ್‌ನಲ್ಲಿ ಬಿಚ್ಚಿದಾಗ ಹಿಟ್ಟೆಲ್ಲ ಬಲೆಗಟ್ಟಿ ಉಂಡೆಯಾಗಿತ್ತು. ದನಕ್ಕೆ ಹಾಕಿದರೂ ಮೂಸಲಿಲ್ಲ.

ಬೇಳೆಕಾಳಿನ ವಿಷಯ ಇದಕ್ಕೆ ತದ್ವಿರುದ್ಧ. ಹೆಸರು, ಅಲಸಂದೆ, ಕಡಲೆ ಮುಂತಾದ ಇಡೀ ಕಾಳಿನ ಮೇಲೆ ಕಾಳು ದುಂಬಿ ಮೊಟ್ಟೆಯಿಟ್ಟು ಒಳಗೇ ಕೊರೆಯುತ್ತದೆ. ಒಡೆದು ಸಿಪ್ಪೆ ತೆಗೆದ ಬೇಳೆಗೆ ಈ ದುಂಬಿಯ ಕಾಟ ಬಹಳ ಕಡಿಮೆ. ದಾಸ್ತಾನಿಗೆ ತೊಗರಿಬೇಳೆ, ಹೆಸರುಬೇಳೆಯೇ ಲೇಸು. ಇಡೀ ಕಾಳನ್ನೇ ಇಡಬೇಕೆಂದಿದ್ದರೆ ಚೆನ್ನಾಗಿ ಒಣಗಿಸಿ, ಕಿಲೋಗೆ 5ರಿಂದ 10 ಮಿಲಿಲೀಟರ್ ಅಡಿಗೆ ಎಣ್ಣೆಯನ್ನು ಸವರಿ ಇಡಿ. ರವೆಯನ್ನು ಹುರಿದು ಆರಿಸಿ ತುಂಬಿ.

ಎಣ್ಣೆಯನ್ನು ಒಂದು ಲೀಟರಿನ ಮುಚ್ಚಿದ ಪೊಟ್ಟಣಗಳಲ್ಲೇ ಕೊಳ್ಳಿ. ದೊಡ್ಡ ಡಬ್ಬಿ ಒಮ್ಮೆ ತೆರೆದರೆ ಗಾಳಿಯಾಡಿ ಎಣ್ಣೆ ಕೆಡತೊಡಗುತ್ತದೆ. ಕೆನೆ ಇರುವ ಹಾಲಿನ ಪುಡಿಗಿಂತ ಕೆನೆ ತೆಗೆದ ಪುಡಿ ಹೆಚ್ಚು ಕಾಲ ಬರುತ್ತದೆ. ಆದರೆ ಯಾವ ಹಾಲಿನ ಪುಡಿಯೂ ಎಳೆಯ ಕೂಸಿಗೆ ತಾಯಿಯ ಹಾಲಿಗೆ ಬದಲಿಯಲ್ಲ, ಅದರಲ್ಲೂ ಪ್ರವಾಹದ ನೀರಿನಲ್ಲಿ ಕಲಸಿದ್ದು ಅಪಾಯಕಾರಿ. ಅಯೋಡಿನ್ ಉಪ್ಪನ್ನು ಪೊಟ್ಟಣ ಸಮೇತ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ತಗಲಿದರೆ ಅಯೋಡಿನ್ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದರಿಂದ ಸಕ್ಕರೆಯೂ ಸ್ವಲ್ಪ ಇರಲಿ.

ಪೊಟ್ಟಣ ಕೊಳ್ಳುವಾಗ ತಯಾರಾದ ದಿನಾಂಕವನ್ನು ಓದಿ. ‘ಬೆಸ್ಟ್ ಬಿಫೋರ್’ ಎಂದಿದ್ದರೆ ಆ ದಿನದವರೆಗೆ ರುಚಿ, ಗುಣ ಪೂರ್ತಿ ಇರುತ್ತದೆಂದು ಅರ್ಥ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದಿದ್ದರೆ ಆ ದಿನದ ನಂತರ ತಿನ್ನಕೂಡದು.

ಎಲ್ಲಿ ಇಡಬೇಕು?

ಮಣ್ಣಿನ ಗೋಡೆ, ನೆಲ ಎರಡೂ ಮಳೆಗಾಲದಲ್ಲಿ ತೇವ ಎಳೆಯುತ್ತವೆ. ಮೂಟೆ, ಡಬ್ಬಿಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿಡಿ. ಹೊಳೆದಂಡೆಯವರು ಹಲಗೆಯನ್ನೂ ನಂಬಬೇಡಿ, ಅಟ್ಟಕ್ಕೇ ಏರಿಸಿ. ನೀರು ಏರುವ ಊರಿನಲ್ಲಿ ಹಗೇವು ಸಹ ಈ ತಿಂಗಳುಗಳಿಗೆ ಆಗದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದು ಅಕ್ಕಿ, ಬೇಳೆ, ಮೆಣಸಿನಕಾಯಿಗೆ ಹೇಳಿ ಮಾಡಿಸಿದಂತಿರುತ್ತದೆ. ಎಣ್ಣೆ ಮತ್ತು ಹಾಲಿನ ಪುಡಿಗೆ ಮಾತ್ರ ಆ ಶಾಖವೇ ಶತ್ರು. ಅವನ್ನು ತಂಪಾದ ಕತ್ತಲೆ ಮೂಲೆಯಲ್ಲಿಡಬೇಕು.

ತುಂಬುವ ಡಬ್ಬಿಯನ್ನು ತೊಳೆದು ಒಂದು ದಿನ ಬಿಸಿಲಿಗಿಡಿ. ಅಕ್ಕಿಯನ್ನೂ ಬೇಳೆಯನ್ನೂ ಮೇ ತಿಂಗಳ ಬಿಸಿಲಿಗೆ ಹರವಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿಯಾಗಿದ್ದಾಗಲೇ ಮುಚ್ಚಿದರೆ ಮುಚ್ಚಳದ ಕೆಳಗೆ ಬೆವರುತ್ತದೆ.

ವಿಷದ ಹತ್ತಿರ ಬೇಡ

ಇದನ್ನು ಒತ್ತಿ ಹೇಳಬೇಕಾಗಿದೆ. ರೈತರ ಮನೆಯಲ್ಲಿ ಕೀಟನಾಶಕಕ್ಕೂ ದಿನಸಿಗೂ ಒಂದೇ ಕೋಣೆ ಇರುವುದು ಸಾಮಾನ್ಯ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಕೀಟನಾಶಕ ತಗಲಿದ ಗೋಧಿ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಸಾಗಣೆಯಲ್ಲಿ ಔಷಧಿಯೂ ಹಿಟ್ಟೂ ಒಟ್ಟಿಗಿದ್ದುದೇ ಇದಕ್ಕೆ ಕಾರಣ. ನೋಡುವುದಕ್ಕೆ ಹಿಟ್ಟು ಹಿಟ್ಟಿನಂತೆಯೇ ಇರುತ್ತದೆ.

ಹುಳುವಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗಿನ ಮೂಟೆಗಳಲ್ಲಿ ಇಡಲೇಕೂಡದು. ಗಾಳಿಯ ತೇವ ತಗಲಿದೊಡನೆ ಅದರಿಂದ ಹೊರಡುವ ಅನಿಲ ಮಲಗಿದವರನ್ನು ಕೊಲ್ಲಬಲ್ಲದು. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿರುವಾಗಲಂತೂ ಕೇಳಬೇಕಾಗಿಯೇ ಇಲ್ಲ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ಅಭ್ಯಾಸವನ್ನೂ ಬಿಡಿ. ಬಿಸಿಲು, ಬಿಗಿ ಮುಚ್ಚಳ, ಒಣಗಿದ ಬೇವಿನ ಸೊಪ್ಪು, ಇಷ್ಟರಿಂದ ಮೂರು ನಾಲ್ಕು ತಿಂಗಳು ಕಳೆಯಬಹುದು. ಔಷಧಿಯ ಖಾಲಿ ಡಬ್ಬಿ ಎಷ್ಟೇ ಗಟ್ಟಿಯಾಗಿರಲಿ, ಎಷ್ಟೇ ತೊಳೆದಿರಲಿ, ಅದರಲ್ಲಿ ತಿನ್ನುವ ವಸ್ತು ತುಂಬಬೇಡಿ.

ಒಲೆ ಹೊತ್ತದ ದಿನಕ್ಕೆ

ಮೇಲೆ ಹೇಳಿದ ದಾಸ್ತಾನು ಮನೆಯಲ್ಲಿ ಅಡಿಗೆ ಮಾಡಿ ಉಣ್ಣುವುದಕ್ಕಾಯಿತು. ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಬೇಕಾಗಿ ಬಂದರೆ 30 ಕಿಲೋ ಅಕ್ಕಿ ಹೊತ್ತು ಪ್ರಯೋಜನವೇನು? ಅದಕ್ಕಾಗಿ ಒಬ್ಬರು ಎತ್ತಬಹುದಾದ, ಬಿಗಿ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡ್ರಮ್ಮನ್ನು ಬೇರೆಯೇ ಸಿದ್ಧಪಡಿಸಿ. ಬೇಯಿಸದೆ ತಿನ್ನುವಂಥವೇ ಅದರಲ್ಲಿರಲಿ: ಅವಲಕ್ಕಿ, ಹುರಿಗಡಲೆ, ರಾಗಿ ಹುರಿಹಿಟ್ಟು, ಬೆಲ್ಲ, ಹುರಿದ ಶೇಂಗಾ, ಖರ್ಜೂರ, ಮಕ್ಕಳಿಗೆ ಬಿಸ್ಕತ್ತು. ಮೂರು ದಿನಕ್ಕಾಗುವಷ್ಟಿದ್ದರೆ ಸಾಕು. ಅವಲಕ್ಕಿ ನೆನೆಸಲು, ಹುರಿಹಿಟ್ಟು ಕಲಸಲು ಒಳ್ಳೆಯ ನೀರು ಬೇಕು, ಆದ್ದರಿಂದ ಮಳೆ ಜೋರಾದೊಡನೆ ಕಾಯಿಸಿ ಆರಿಸಿದ ನೀರನ್ನು ಕ್ಯಾನುಗಳಲ್ಲಿ ತುಂಬಿಡಿ. ಬೆಂಕಿಪೊಟ್ಟಣ, ಟಾರ್ಚು, ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪುಸ್ತಕ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದೇ ಡ್ರಮ್ಮಿಗೆ ಹಾಕಿ.

ಸಕ್ಕರೆ ಉಪ್ಪು ಅದರಲ್ಲೂ ಇರಲಿ. ಪ್ರವಾಹದ ಹಿಂದೆಯೇ ವಾಂತಿಭೇದಿ ಬರುತ್ತದೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ರೋಗಿಗೆ ಆಗಾಗ ಕುಡಿಸುತ್ತಾ ಆಸ್ಪತ್ರೆಗೆ ಸಾಗಿಸಿ.

ನೀರು ಇಳಿದ ಮೇಲೆ

ನೆರೆನೀರು ತಗಲಿದ ಅಕ್ಕಿ, ಬೇಳೆ, ಹಿಟ್ಟು, ಒದ್ದೆಯಾದ ಪೊಟ್ಟಣಗಳು ಯಾವುದನ್ನೂ ಉಳಿಸಿಕೊಳ್ಳಬೇಡಿ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಆ ನೀರಿನಲ್ಲಿ ಕೊಚ್ಚೆಯೂ ಸತ್ತ ದನವೂ ಹೊಲದ ಔಷಧಿಯೂ ಬೆರೆತಿರುತ್ತವೆ. ಒಣಗಿಸಿ ಬಳಸೋಣವೆಂದರೆ ಬೂಸ್ಟಿನ ಭಯ ಬೇರೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ಸಿಕ್ಕು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಮಂದಿ ಸತ್ತರು. ಬೂಸ್ಟಿನ ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಶೇಂಗಾಬೀಜದಲ್ಲೂ ಇದು ಹುಟ್ಟುತ್ತದೆ, ಬೂಸ್ಟು ಕಂಡ ಬೀಜವನ್ನು ಆರಿಸಿ ಎಸೆಯಿರಿ. ಮುಚ್ಚಿದ, ತಗ್ಗುಬೀಳದ ತಗಡಿನ ಡಬ್ಬಿಗಳನ್ನು ಮಾತ್ರ ಸೋಪಿನಿಂದ ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಬಳಸಬಹುದು. ಊದಿಕೊಂಡ ಡಬ್ಬಿಯನ್ನು ತೆರೆದು ರುಚಿ ಸಹ ನೋಡಬೇಡಿ.

ಆಪತ್ತು ಬಾರದೆ ಮಳೆಗಾಲ ಕಳೆದರೆ ಒಳ್ಳೆಯದೇ ಆಯಿತು. ಡ್ರಮ್ಮಿನ ಅವಲಕ್ಕಿ, ಬೆಲ್ಲ, ಶೇಂಗಾವನ್ನು ಗಣೇಶನ ಹಬ್ಬದ ಹೊತ್ತಿಗೆ ತೆಗೆದು ಬಳಸಿ, ಹೊಸದನ್ನು ತುಂಬಿ. ಹಿಂಗಾರಿನಲ್ಲೂ ಪ್ರವಾಹ ಬಂದದ್ದುಂಟು, 2009ರ ಅಕ್ಟೋಬರ್ ಮೊದಲ ವಾರವನ್ನು ಉತ್ತರ ಕರ್ನಾಟಕದವರು ಮರೆತಿಲ್ಲ. ಅಕ್ಕಿ, ಬೇಳೆ, ಎಣ್ಣೆಯನ್ನು ದೀಪಾವಳಿಯೊಳಗೆ ಅಡಿಗೆಗೆ ಖರ್ಚು ಮಾಡಿ, ಖಾಲಿ ಡಬ್ಬಿಗಳನ್ನು ತೊಳೆದು ಒಣಗಿಸಿ ಮುಂದಿನ ಬೇಸಿಗೆಗೆ ಬೋರಲು ಹಾಕಿಡಿ.